ಕಲ್ಲಿದ್ದಲ ತೆರಿಗೆ, ಸರ್ಕಾರದ ಸಾಲ, ನಮ್ಮ ಮನೆಖರ್ಚು: ಆರು ಆಕ್ಷೇಪಗಳಿಗೆ ಉತ್ತರ

ಕಲ್ಲಿದ್ದಲಿನ ಮೇಲೆ ಟನ್ನಿಗಿಷ್ಟು ಎಂದು ತೆರಿಗೆ ಇರಬೇಕು. ಆ ಹಣದಲ್ಲಿ ಮೂರರಲ್ಲಿ ಎರಡು ಪಾಲು ದೇಶದ ಪ್ರತಿ ಮನೆಗೂ ಸಮನಾಗಿ ಹಂಚಿಕೆಯಾಗಬೇಕು. ಉಳಿದ ಒಂದು ಪಾಲು ಕಲ್ಲಿದ್ದಲನ್ನು ನಂಬಿ ಬದುಕುವ ಊರುಗಳಿಗೆ ಮೀಸಲಾಗಬೇಕು. ಸರ್ಕಾರದ ಹಳೆಯ ಸಾಲಕ್ಕೆ ಅದರಲ್ಲಿ ಒಂದು ಪೈಸೆಯೂ ಹೋಗಬಾರದು. ಇದು ನನ್ನ ವಾದ.

ಕೋಲಾರ ಚಿನ್ನದ ಗಣಿಯೂರಾದ ನಮ್ಮ ಚಾಂಪಿಯನ್ ರೀಫ್ಸ್‌ನಲ್ಲಿ, ಬಂಗಾರಪೇಟೆಯ ಅಂಗಡಿ ಬೀದಿಯಲ್ಲಿ, ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಇದನ್ನು ಹೇಳಿದಾಗಲೆಲ್ಲ ವಿರೋಧ ಬಂದಿದೆ. ವಿರೋಧಿಸುವವರಲ್ಲಿ ಗಣಿಯಲ್ಲಿ ದುಡಿದ ಹಿರಿಯರಿದ್ದಾರೆ, ವರ್ತಕರಿದ್ದಾರೆ, ಲೆಕ್ಕ ಬಲ್ಲ ತರುಣರಿದ್ದಾರೆ. ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯದ ಸಂಕಟದಿಂದಲೇ ಅವರು ಮಾತಾಡುತ್ತಾರೆ. ಹಾಗಾಗಿ ಅವರ ಒಂದೊಂದು ಆಕ್ಷೇಪವನ್ನೂ ಎತ್ತಿಕೊಂಡು, ಅಂಕಿಸಂಖ್ಯೆ ಮುಂದಿಟ್ಟು ಉತ್ತರಿಸುವುದು ನನ್ನ ಹೊಣೆ.

ಆಕ್ಷೇಪ 1: ಇಂಗಾಲ ತೆರಿಗೆ ಶ್ರೀಮಂತ ದೇಶಗಳ ಮಾತು. ನಮ್ಮಂಥವರ ಮೇಲೆ ಅದನ್ನು ಹೊಸದಾಗಿ ಏಕೆ ಹೇರಬೇಕು?

ಹೊಸದಾಗಿ ಹೇರುವ ಪ್ರಶ್ನೆಯೇ ಇಲ್ಲ. ಅದನ್ನು ನಾವು ಹದಿನೈದು ವರ್ಷ ಕಟ್ಟಿದ್ದೇವೆ. ಸ್ವೀಡನ್ 1991ರಲ್ಲೇ ಇಂಗಾಲ ತೆರಿಗೆ ತಂದಿತೆಂಬುದು ನಿಜ. ಆದರೆ ಭಾರತವೂ 2010ರಲ್ಲೇ ಆ ದಾರಿ ಹಿಡಿಯಿತು. ಅಂದಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಆ ವರ್ಷದ ಬಜೆಟ್‌ನಲ್ಲಿ ‘ಶುದ್ಧ ಇಂಧನ ಸೆಸ್’ ಪ್ರಕಟಿಸಿದರು. ಜುಲೈ 1ರಿಂದ ದೇಶದಲ್ಲಿ ತೆಗೆದ ಕಲ್ಲಿದ್ದಲಿಗೂ ಹೊರಗಿನಿಂದ ತಂದ ಕಲ್ಲಿದ್ದಲಿಗೂ ಟನ್ನಿಗೆ 50 ರೂಪಾಯಿ ಬಿತ್ತು. 2014ರಲ್ಲಿ ಅದು 100 ಆಯಿತು, 2015ರಲ್ಲಿ 200, 2016ರಲ್ಲಿ 400. ಹೆಸರೂ ‘ಶುದ್ಧ ಪರಿಸರ ಸೆಸ್’ ಎಂದು ಬದಲಾಯಿತು. ಒಂದು ಸರ್ಕಾರ ತಂದದ್ದನ್ನು ಅದರ ಎದುರಾಳಿ ಪಕ್ಷದ ಸರ್ಕಾರ ಎಂಟು ಪಟ್ಟಿಗೆ ಏರಿಸಿತು. ಹೀಗಾಗಿ ಇದನ್ನು ಯಾವುದೋ ಒಂದು ಪಕ್ಷದ ತಲೆಗೆ ಕಟ್ಟುವುದೂ ಸಲ್ಲದು.

ತೆರಿಗೆಯ ಉದ್ದೇಶವನ್ನು ಆಗಲೇ ಬರೆದಿಟ್ಟಿದ್ದರು. ಕಲ್ಲಿದ್ದಲ ಹೊಗೆಗೆ ಬೆಲೆ ಕಟ್ಟುವುದು, ಆ ಹಣವನ್ನು ರಾಷ್ಟ್ರೀಯ ಶುದ್ಧ ಇಂಧನ ನಿಧಿಗೆ ಹಾಕಿ ಸೌರ ಮತ್ತು ಪವನ ವಿದ್ಯುತ್ತಿಗೆ ಬಳಸುವುದು. ನಡೆದದ್ದೇ ಬೇರೆ. 2010ರಿಂದ 2018ರವರೆಗೆ ಸಂಗ್ರಹವಾದದ್ದು ಸುಮಾರು 86 ಸಾವಿರ ಕೋಟಿ ರೂಪಾಯಿ. ನಿಧಿಗೆ ವರ್ಗವಾದದ್ದು ಸುಮಾರು 30 ಸಾವಿರ ಕೋಟಿ. ಯೋಜನೆಗಳಿಗೆ ನಿಜವಾಗಿ ಖರ್ಚಾದದ್ದು ಸುಮಾರು 16 ಸಾವಿರ ಕೋಟಿ. ಉಳಿದದ್ದು ಸರ್ಕಾರದ ಸಾಮಾನ್ಯ ಖಾತೆಯಲ್ಲಿ ಕರಗಿತು. ಹೀಗಿರುವಾಗ ‘ತೆರಿಗೆ ಬೇಕೋ ಬೇಡವೋ’ ಎಂಬ ಜಗಳದಲ್ಲೇ ನಾವು ನಿಂತುಬಿಟ್ಟರೆ, ‘ನಾವು ಕಟ್ಟಿದ್ದು ಎಲ್ಲಿ ಹೋಯಿತು’ ಎಂದು ಕೇಳುವವರೇ ಇರುವುದಿಲ್ಲ.

ಆಕ್ಷೇಪ 2: ಕರೆಂಟ್ ಬಿಲ್ಲು, ಹಾಲು, ತರಕಾರಿ ಎಲ್ಲ ತುಟ್ಟಿಯಾದದ್ದು ಇಂಥ ತೆರಿಗೆಗಳಿಂದಲೇ.

ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದ ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತೆಗೆಯಲು ಸುಮಾರು 680 ಗ್ರಾಂ ಬೇಕು. ಟನ್ನಿಗೆ 400 ರೂಪಾಯಿ ಎಂದರೆ ಕಿಲೋಗೆ 40 ಪೈಸೆ. ಅಲ್ಲಿಗೆ ಯೂನಿಟ್ಟಿಗೆ ಬೀಳುವುದು ಸುಮಾರು 27 ಪೈಸೆ. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಗೆ ಬರುವ ವಿದ್ಯುತ್ತೆಲ್ಲ ಕಲ್ಲಿದ್ದಲಿನದೇ ಆಗಿದ್ದರೆ ಹೊರೆ 27 ರೂಪಾಯಿ. ಆದರೆ ಕರ್ನಾಟಕದ ತಂತಿಯಲ್ಲಿ ಹರಿಯುವುದೆಲ್ಲ ರಾಯಚೂರು, ಬಳ್ಳಾರಿ, ಯರಮರಸ್ ಸ್ಥಾವರಗಳ ವಿದ್ಯುತ್ತಲ್ಲ. ಶರಾವತಿಯ ನೀರಿನದಿದೆ, ಪಾವಗಡದ ಬಿಸಿಲಿನದಿದೆ, ಚಿತ್ರದುರ್ಗದ ಗಾಳಿಯದಿದೆ. ಹಾಗಾಗಿ ನಿಜವಾದ ಹೊರೆ ಇನ್ನೂ ಕಡಿಮೆ. ಸಿಮೆಂಟು, ಕಬ್ಬಿಣಗಳ ಬೆಲೆಯಲ್ಲಿ ಅಡಗಿ ಬರುವ ಪಾಲೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಿಂಗಳ ಖರ್ಚಿನ ಬೆನ್ನು ಮುರಿಯುವ ಮೊತ್ತ ಅದಲ್ಲ.

ಈಗ ಬೆಸ್ಕಾಂ ಬಿಲ್ಲನ್ನು ಕೈಗೆತ್ತಿಕೊಳ್ಳಿ. 2025ರ ಏಪ್ರಿಲ್ 1ರಿಂದ ಯೂನಿಟ್ಟಿಗೆ 36 ಪೈಸೆ ಹೊಸದಾಗಿ ಸೇರಿದೆ. ಕೆಪಿಟಿಸಿಎಲ್ ಮತ್ತು ಎಸ್ಕಾಂ ನೌಕರರ ಪಿಂಚಣಿ, ಗ್ರಾಚ್ಯುಟಿಯಲ್ಲಿ ಸರ್ಕಾರದ ಪಾಲಿನ ವಂತಿಗೆ ಅದು. ಅದನ್ನು ಗ್ರಾಹಕರಿಂದಲೇ ವಸೂಲಿ ಮಾಡಲು ಕೆಇಆರ್‌ಸಿ ಒಪ್ಪಿತು. ಮನೆ ಸಂಪರ್ಕದ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು. ಯೂನಿಟ್ ದರದಲ್ಲಿ ಮಾತ್ರ 10 ಪೈಸೆ ಇಳಿಯಿತು. ದುಡಿದ ನೌಕರನಿಗೆ ಪಿಂಚಣಿ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೊಣೆಗೆ ಸರ್ಕಾರ ಕಾಲಕಾಲಕ್ಕೆ ಹಣ ತೆಗೆದಿಡಲಿಲ್ಲ. ಹಣ ತೆಗೆದಿಡದ ಹೊಣೆ ಎಂದರೆ ಇನ್ನೊಂದು ಬಗೆಯ ಸಾಲವೇ. ಆ ಸಾಲ 2025ರಲ್ಲಿ ಯೂನಿಟ್ಟಿಗೆ 36 ಪೈಸೆಯಾಗಿ ಬಿಲ್ಲಿಗೆ ಬಂತು. ಕಲ್ಲಿದ್ದಲ ತೆರಿಗೆ 27 ಪೈಸೆಯನ್ನೂ ಮುಟ್ಟಲಿಲ್ಲ. ಯಾವುದು ದೊಡ್ಡದೆಂದು ನೀವೇ ನೋಡಿ.

ಗೃಹಜ್ಯೋತಿಯಿಂದಾಗಿ ಎಷ್ಟೋ ಮನೆಗಳ ಬಿಲ್ಲು ಈಗ ಸರ್ಕಾರದ ಲೆಕ್ಕಕ್ಕೆ ಹೋಗುತ್ತದೆ. ಹೆಚ್ಚಳ ನೇರವಾಗಿ ತಟ್ಟಿದ್ದು ಆ ಯೋಜನೆಯ ಹೊರಗಿರುವ ಹೊಲಿಗೆ ಅಂಗಡಿಗೆ, ಹಿಟ್ಟಿನ ಗಿರಣಿಗೆ, ಬಂಗಾರಪೇಟೆಯ ಚಾಟ್ಸ್ ಅಂಗಡಿಗೆ. ಅವರು ಅದನ್ನು ತಮ್ಮ ದರಕ್ಕೆ ಸೇರಿಸುತ್ತಾರೆ, ನಾವು ಕೊಡುತ್ತೇವೆ.

ಹಾಲಿನ ಮಾತಿಗೆ ಬರೋಣ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೆ ಒಂದು ಲೀಟರ್ ಕೊಳ್ಳುವ ಮನೆಗೆ ತಿಂಗಳಿಗೆ 120 ರೂಪಾಯಿ. ಅದೇ ವರ್ಷದ ಜನವರಿಯಲ್ಲಿ ಬಸ್ ಪ್ರಯಾಣ ದರ ಶೇ. 15ರಷ್ಟು ಹೆಚ್ಚಿತು. ಇವಕ್ಕೆ ಅವುಗಳದ್ದೇ ಕಾರಣಗಳಿವೆ. ಹಸು ಸಾಕುವವನಿಗೆ ನ್ಯಾಯದ ಬೆಲೆ ಸಿಗಬೇಕೆಂಬುದೂ ಅವುಗಳಲ್ಲಿ ಒಂದು. ಆದರೆ ಆ ಕಾರಣಗಳ ಪಟ್ಟಿಯಲ್ಲಿ ಕಲ್ಲಿದ್ದಲ ಸೆಸ್ ಹುಡುಕಿದರೂ ಮೇಲಿನ ಸಾಲಿನಲ್ಲಿ ಸಿಗುವುದಿಲ್ಲ.

ಇನ್ನು ತರಕಾರಿ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ನಮ್ಮ ಜಿಲ್ಲೆಯಲ್ಲಿ ಮರೆತವರಿಲ್ಲ. ಬೆಳೆಯುವ ಊರಿನವರೇ ಕೊಳ್ಳಲಾರದೆ ಸಾರಿಗೆ ಹುಣಸೆಹಣ್ಣೇ ಸಾಕೆಂದರು. ಅದರ ಹಿಂದೆ ತೆರಿಗೆ ಇರಲಿಲ್ಲ. ಹದ ತಪ್ಪಿದ ಬಿಸಿಲು, ಮಳೆ, ಗಿಡಕ್ಕೆ ಬಂದ ರೋಗ ಇದ್ದವು. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕರ್ನಾಟಕ ಕೇಂದ್ರದಿಂದ 18 ಸಾವಿರ ಕೋಟಿಗೂ ಹೆಚ್ಚು ಪರಿಹಾರ ಕೇಳಿ, ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ಬಂದದ್ದು ಸುಮಾರು 3,454 ಕೋಟಿ. ಉಳಿದ ನಷ್ಟವನ್ನು ಹೊತ್ತದ್ದು ರೈತನ ಕೈಸಾಲ ಮತ್ತು ರಾಜ್ಯದ ಬೊಕ್ಕಸ. ಭೂಮಿ ಕಾದಷ್ಟೂ ಇಂಥ ಹವಾಮಾನ ಹೆಚ್ಚುತ್ತದೆಂದು ವಿಜ್ಞಾನಿಗಳು ಎಚ್ಚರಿಸುತ್ತಲೇ ಇದ್ದಾರೆ. ಹೊಗೆಗೆ ಬೆಲೆ ಕಟ್ಟದಿದ್ದರೆ ಖರ್ಚು ಉಳಿಯಿತೆಂದು ತಿಳಿಯಬೇಡಿ. ಅದು ಬೇರೆ ಚೀಟಿಯಲ್ಲಿ ನಮ್ಮ ಹೆಸರಿಗೇ ಬರುತ್ತದೆ.

ಆಕ್ಷೇಪ 3: ಏನೇ ಹೇಳಿ, ತೆರಿಗೆ ಎಲ್ಲರಿಗೂ ಒಂದೇ ದರ. ಬಡವನಿಗೇ ಹೆಚ್ಚು ನೋವು.

ಈ ಆಕ್ಷೇಪದಲ್ಲಿ ಸತ್ಯವಿದೆ. ತಿಂಗಳಿಗೆ 12 ಸಾವಿರ ದುಡಿಯುವವನಿಗೆ 30 ರೂಪಾಯಿ ತಟ್ಟುವಷ್ಟು ಒಂದೂವರೆ ಲಕ್ಷ ದುಡಿಯುವವನಿಗೆ 100 ರೂಪಾಯಿಯೂ ತಟ್ಟುವುದಿಲ್ಲ. ಹಣ ಸಂಗ್ರಹಿಸಿ ಅಲ್ಲಿಗೇ ಬಿಟ್ಟರೆ ಇಂಗಾಲ ತೆರಿಗೆ ಬಡವರ ಮೇಲಿನ ತೆರಿಗೆಯೇ ಸರಿ. ನಾನು ಹಂಚಿಕೆಯನ್ನು ಬೇರೆ ಮಾತಾಗಿ ನೋಡದೆ ತೆರಿಗೆಯ ಜೊತೆಗೇ ಕಟ್ಟುವುದು ಇದಕ್ಕಾಗಿ.

ಹಂಚಿದರೆ ಏನಾಗುತ್ತದೆ? ದೇಶದ ಕಲ್ಲಿದ್ದಲು ಉತ್ಪಾದನೆ 2024-25ರಲ್ಲಿ 100 ಕೋಟಿ ಟನ್ ದಾಟಿತು. ಆಮದನ್ನು ಬಿಟ್ಟರೂ ಟನ್ನಿಗೆ 400ರಂತೆ ವರ್ಷಕ್ಕೆ 40 ಸಾವಿರ ಕೋಟಿ. ಅದರಲ್ಲಿ ಮೂರರಲ್ಲಿ ಎರಡು ಪಾಲನ್ನು ಸುಮಾರು 30 ಕೋಟಿ ಮನೆಗಳಿಗೆ ಸಮನಾಗಿ ಹಂಚಿದರೆ ಮನೆಗೆ ವರ್ಷಕ್ಕೆ ಹತ್ತಿರ ಹತ್ತಿರ 890 ರೂಪಾಯಿ, ತಿಂಗಳಿಗೆ ಸುಮಾರು 74. ಚಾಂಪಿಯನ್ ರೀಫ್ಸ್‌ನ ಒಂದು ಲೈನ್ ಮನೆ ತಿಂಗಳಿಗೆ 60 ಯೂನಿಟ್ ಉರಿಸುತ್ತದೆಂದು ಇಟ್ಟುಕೊಳ್ಳಿ. ಎಲ್ಲವೂ ಕಲ್ಲಿದ್ದಲಿನದೆಂದರೂ ಅದು ಕಟ್ಟುವುದು 16 ರೂಪಾಯಿ. ಕೊಳ್ಳುವ ವಸ್ತುಗಳಲ್ಲಿ ಅಡಗಿದ ಪಾಲು ಅದರ ಎರಡರಷ್ಟು ಎಂದು ಧಾರಾಳವಾಗಿ ಹಿಡಿದರೂ ಒಟ್ಟು 48. ಕೈಗೆ ಬರುವುದು 74. ಬೆಂಗಳೂರಿನಲ್ಲಿ ಕೋಣೆಗೊಂದು ಎಸಿ ಇಟ್ಟುಕೊಂಡು 600 ಯೂನಿಟ್ ಉರಿಸುವ ಮನೆ ವಿದ್ಯುತ್ ಒಂದಕ್ಕೇ 162 ಕಟ್ಟುತ್ತದೆ, ಅದಕ್ಕೂ ಮರಳುವುದು ಅದೇ 74. ದರ ಎಲ್ಲರಿಗೂ ಒಂದೇ, ಆದರೆ ಬಳಕೆ ಒಂದೇ ಅಲ್ಲ. ಕಡಿಮೆ ಉರಿಸುವವನಿಗೆ ಲಾಭ, ಹೆಚ್ಚು ಉರಿಸುವವನಿಗೆ ಖರ್ಚು.

ಹೊರದೇಶಗಳ ಸೋಲಿನಿಂದಲೂ ಕಲಿಯಬೇಕು. ಫ್ರಾನ್ಸ್ 2018ರಲ್ಲಿ ಇಂಧನ ತೆರಿಗೆ ಏರಿಸಲು ಹೊರಟು, ಊರಾಚೆ ಬದುಕುವ ದುಡಿಯುವ ಜನಕ್ಕೆ ಪರಿಹಾರವೇನೆಂದು ಯೋಚಿಸಲಿಲ್ಲ. ಹಳದಿ ಅಂಗಿ ತೊಟ್ಟು ಜನ ಬೀದಿಗಿಳಿದರು, ಸರ್ಕಾರ ಹಿಂದೆ ಸರಿಯಿತು. ಕೆನಡಾ ಬಹುಪಾಲು ಹಣವನ್ನು ಮನೆಗಳಿಗೆ ಹಿಂದಿರುಗಿಸುತ್ತಿತ್ತು. ಆದರೂ 2025ರ ಏಪ್ರಿಲ್ 1ರಂದು ಜನಸಾಮಾನ್ಯರ ಇಂಧನದ ಮೇಲಿನ ತೆರಿಗೆಯನ್ನು ಶೂನ್ಯಕ್ಕೆ ಇಳಿಸಿತು. ಪೆಟ್ರೋಲ್ ಬಂಕಿನಲ್ಲಿ ಕೊಟ್ಟ ಹಣ ಎಲ್ಲರ ಕಣ್ಣಿಗೂ ಬಿತ್ತು, ಖಾತೆಗೆ ಬಂದ ಹಣ ಯಾವುದರದೆಂದು ಅನೇಕರಿಗೆ ತಿಳಿಯಲೇ ಇಲ್ಲ. ಅಲ್ಲಿನ ದರ ಟನ್ ಇಂಗಾಲಾನಿಲಕ್ಕೆ 80 ಕೆನಡಾ ಡಾಲರ್, ಅಂದರೆ 5 ಸಾವಿರ ರೂಪಾಯಿಯ ಹತ್ತಿರ ಇತ್ತು. ನಮ್ಮ ಸೆಸ್ ಅದೇ ಲೆಕ್ಕದಲ್ಲಿ 250 ರೂಪಾಯಿಯ ಆಸುಪಾಸಿನಲ್ಲಿತ್ತು. ಕಲಿಯಬೇಕಾದ ಪಾಠ ಸ್ಪಷ್ಟ: ದರ ಸಣ್ಣದಿರಲಿ, ಮರಳುವ ಹಣ ಹೆಸರು ಹೇಳಿಕೊಂಡೇ ಬರಲಿ.

ಆಕ್ಷೇಪ 4: ಸರ್ಕಾರ ಸಾಲದಲ್ಲಿ ಮುಳುಗಿದೆ. ಬಂದ ತೆರಿಗೆಯೆಲ್ಲ ಮೊದಲು ಸಾಲಕ್ಕೆ ಹೋಗಲಿ. ಸಾಲ ತೀರಿದರೆ ಬೆಲೆ ತಾನೇ ಇಳಿಯುತ್ತದೆ.

ಸಾಲ ದೊಡ್ಡದೆಂಬುದು ನಿಜ. 2025-26ರ ಕೇಂದ್ರ ಬಜೆಟ್‌ನಲ್ಲಿ 50.65 ಲಕ್ಷ ಕೋಟಿ ವೆಚ್ಚದಲ್ಲಿ ಬಡ್ಡಿಗೇ ಇಟ್ಟದ್ದು 12.76 ಲಕ್ಷ ಕೋಟಿ. ನಾಲ್ಕು ರೂಪಾಯಿ ಖರ್ಚಿನಲ್ಲಿ ಒಂದು ರೂಪಾಯಿ ಬಡ್ಡಿ. ದಿನಕ್ಕೆ ಸುಮಾರು 3,500 ಕೋಟಿ. ಅದೇ ವರ್ಷಕ್ಕೆ ಕರ್ನಾಟಕ 1.16 ಲಕ್ಷ ಕೋಟಿ ಸಾಲ ಎತ್ತುವುದಾಗಿ ಹೇಳಿತು. ರಾಜ್ಯದ ಒಟ್ಟು ಹೊಣೆಗಾರಿಕೆ 7.64 ಲಕ್ಷ ಕೋಟಿ ದಾಟುವ ಅಂದಾಜು. ಅದು ರಾಜ್ಯದ ಆಂತರಿಕ ಉತ್ಪನ್ನದ ಶೇ. 24.91. ಕಾನೂನಿನ ಶೇ. 25ರ ಮಿತಿಗೆ ಕೂದಲೆಳೆಯಷ್ಟೇ ಅಂತರ.

ಆದರೆ ‘ಮೊದಲು ಸಾಲಕ್ಕೆ’ ಎಂಬ ಸಲಹೆಯನ್ನು ನಾವು ಆಗಲೇ ಪರೀಕ್ಷಿಸಿ ನೋಡಿಯಾಗಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಶುದ್ಧ ಪರಿಸರ ಸೆಸ್ ರದ್ದಾಯಿತು. ಆದರೆ ಅದೇ 400 ರೂಪಾಯಿ ‘ಜಿಎಸ್‌ಟಿ ಪರಿಹಾರ ಸೆಸ್’ ಎಂಬ ಹೆಸರಿನಲ್ಲಿ ಕಲ್ಲಿದ್ದಲಿನ ಮೇಲೇ ಉಳಿಯಿತು. ಪರಿಸರಕ್ಕೆಂದು ತೆಗೆದ ಹಣ ರಾಜ್ಯಗಳ ಆದಾಯದ ಕೊರತೆ ತುಂಬಲು ಹೋಯಿತು. ಕೋವಿಡ್ ಕಾಲದಲ್ಲಿ ಆ ಪರಿಹಾರ ಕೊಡಲು ಸೆಸ್ ಸಾಲದೆ ಕೇಂದ್ರ 2020-21ರಲ್ಲಿ 1.1 ಲಕ್ಷ ಕೋಟಿ, 2021-22ರಲ್ಲಿ 1.59 ಲಕ್ಷ ಕೋಟಿ ಸಾಲ ತಂದಿತು. 2022ರ ಜೂನ್‌ಗೆ ಮುಗಿಯಬೇಕಿದ್ದ ಸೆಸ್ಸನ್ನು ಆ ಸಾಲ ಮತ್ತು ಬಡ್ಡಿ ತೀರಿಸಲು 2026ರ ಮಾರ್ಚ್‌ವರೆಗೆ ಎಳೆಯಲಾಯಿತು. ಹಾಗೆ, ಹೊಗೆಗೆ ಕಟ್ಟಿದ ಬೆಲೆ ಸಾಲದ ಕಂತಾಯಿತು.

ಆ ಸಾಲ ಕರ್ನಾಟಕಕ್ಕೂ ನೆರವಾಯಿತು, ಆಗ ಸರ್ಕಾರಿ ಸಂಬಳ, ಆಸ್ಪತ್ರೆ ಖರ್ಚುಗಳು ಅದರಿಂದಲೇ ನಡೆದವು ಎಂದು ಹೇಳುವವರಿಗೆ ನಾನು ಇಲ್ಲವೆನ್ನುವುದಿಲ್ಲ. ಸಂಕಟದಲ್ಲಿ ಸಾಲ ತಪ್ಪಲ್ಲ. ಆದರೆ ಅದನ್ನು ತೀರಿಸುವ ಭಾರ ಯಾರ ಮೇಲೆ ಬೀಳಬೇಕೆಂಬುದು ಬೇರೆ ಪ್ರಶ್ನೆ. ಆದಾಯ ತೆರಿಗೆಯಿಂದ ತೀರಿಸಿದ್ದರೆ ಇದ್ದವರು ಹೆಚ್ಚು ಕೊಡುತ್ತಿದ್ದರು. ಕಲ್ಲಿದ್ದಲ ಸೆಸ್ಸಿನಿಂದ ತೀರಿಸಿದಾಗ ಬಲ್ಬು ಉರಿಸುವ ಪ್ರತಿಯೊಬ್ಬರೂ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಸಾಲದ ಮಾತನ್ನು ಮುಂದೆ ಮಾಡಿ ತೆರಿಗೆ ಏರಿಸಿದ ಇನ್ನೊಂದು ಉದಾಹರಣೆ ಪೆಟ್ರೋಲ್. 2020ರಲ್ಲಿ ಕಚ್ಚಾ ತೈಲದ ಬೆಲೆ ಕುಸಿದಾಗ ಕೇಂದ್ರ ಅಬಕಾರಿ ಸುಂಕ ಏರಿಸಿತು. ಪೆಟ್ರೋಲ್ ಲೀಟರಿಗೆ 32.98 ರೂಪಾಯಿ, ಡೀಸೆಲ್‌ಗೆ 31.83 ಆಯಿತು. 2021ರ ಆಗಸ್ಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹಿಂದಿನ ಸರ್ಕಾರದ ತೈಲ ಬಾಂಡ್‌ಗಳ ಹೊರೆಯತ್ತ ಬೊಟ್ಟು ಮಾಡಿದರು. ಆ ಬಾಂಡ್‌ಗಳು ಇದ್ದದ್ದು ನಿಜ, ವರ್ಷಕ್ಕೆ ಸುಮಾರು 10 ಸಾವಿರ ಕೋಟಿ ಬಡ್ಡಿ ಕಟ್ಟುತ್ತಿದ್ದದ್ದೂ ನಿಜ. ಆದರೆ 2020-21ರಲ್ಲಿ ಪೆಟ್ರೋಲ್, ಡೀಸೆಲ್ ಸುಂಕದಿಂದ ಬಂದದ್ದು ಮೂರೂವರೆ ಲಕ್ಷ ಕೋಟಿಗೂ ಮಿಗಿಲು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಾರಣ ಎಷ್ಟು, ವಸೂಲಿ ಎಷ್ಟು ಎಂಬುದು ಎದ್ದು ಕಾಣುತ್ತದೆ.

ರಾಜ್ಯ ಸರ್ಕಾರವೂ ಇದರಿಂದ ಹೊರತಲ್ಲ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ. 25.92ರಿಂದ 29.84ಕ್ಕೆ, ಡೀಸೆಲ್ ಮೇಲಿನದು ಶೇ. 14.34ರಿಂದ 18.44ಕ್ಕೆ ಏರಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆ ಮತ್ತೆ ಶೇ. 21.17ಕ್ಕೆ ಹೋಯಿತು. ಕೋಲಾರದ ಟೊಮೆಟೊ ಲಾರಿ, ಶ್ರೀನಿವಾಸಪುರದ ಮಾವಿನ ಲಾರಿ, ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಗೆ ಸೊಪ್ಪು ತರುವ ಟೆಂಪೊ ಎಲ್ಲ ಓಡುವುದು ಡೀಸೆಲ್‌ನಲ್ಲಿ. ಹೊಗೆಯ ಮೇಲಿನ ಬೆಲೆ ಎಂದು ಈ ತೆರಿಗೆಯನ್ನು ಸಮರ್ಥಿಸಲು ನಾನೂ ಸಿದ್ಧ. ಆದರೆ ಅದು ಬೊಕ್ಕಸದ ಕೊರತೆ ತುಂಬಲು ಬಂದದ್ದು, ಮನೆಗೆ ಮರಳುವ ದಾರಿ ಅದಕ್ಕಿಲ್ಲ.

ಸಾಲ ತೀರಿದರೆ ಬೆಲೆ ತಾನೇ ಇಳಿಯುತ್ತದೆಂಬ ನಂಬಿಕೆಗೂ ಆಧಾರ ಕಡಿಮೆ. ಸರ್ಕಾರದ ಬಾಂಡ್‌ಗಳನ್ನು ಕೊಂಡವರಲ್ಲಿ ಬ್ಯಾಂಕುಗಳಿವೆ, ಎಲ್‌ಐಸಿ ಇದೆ, ಭವಿಷ್ಯ ನಿಧಿ ಇದೆ. ಬಡ್ಡಿಯ ಒಂದು ಪಾಲು ನಮ್ಮ ಪಿಎಫ್‌ಗೂ ಬರುತ್ತದೆ. ಹಾಗಾಗಿ ಸಾಲವೆಲ್ಲ ಶತ್ರುವಲ್ಲ. ಯಾವುದಕ್ಕೆ ಸಾಲ ಮಾಡಿದರು, ಯಾರಿಂದ ತೀರಿಸಿದರು ಎಂಬುದೇ ಮುಖ್ಯ.

ಬಂಡವಾಳ ಹೂಡಿ ಬದುಕು ಹಗುರ ಮಾಡಿದ ಉದಾಹರಣೆ ನಮ್ಮ ಊರಿನದೇ ಇದೆ. ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ ಜಲವಿದ್ಯುತ್ ಸ್ಥಾವರ ಕಟ್ಟಿ, 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಈ ಗಣಿಗಳಿಗೆ ವಿದ್ಯುತ್ ಹರಿಸಿತು. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. ಅದಕ್ಕೆ ಮೊದಲು ಇಲ್ಲಿನ ಯಂತ್ರಗಳು ಸೌದೆ, ಕಲ್ಲಿದ್ದಲು ಉರಿಸಿದ ಉಗಿಯಿಂದ ಓಡುತ್ತಿದ್ದವು. ಗಣಿ ಕಂಪನಿಗಳು ವಿದ್ಯುತ್ ಕೊಳ್ಳುವ ಕರಾರು ಮಾಡಿಕೊಂಡಿದ್ದರಿಂದ ಹೂಡಿದ ಹಣ ಸರ್ಕಾರಕ್ಕೆ ಮರಳುವ ದಾರಿ ಮೊದಲೇ ಗೊತ್ತಿತ್ತು. ಹಣ ಬರುವ ದಾರಿ, ಹೋಗುವ ದಾರಿ ಎರಡೂ ಸ್ಪಷ್ಟವಾಗಿದ್ದರೆ ದೊಡ್ಡ ಖರ್ಚೂ ಜನಕ್ಕೆ ಹೊರೆಯಾಗುವುದಿಲ್ಲವೆಂದು ಆ ತಂತಿಯೇ ತೋರಿಸಿಕೊಟ್ಟಿತು.

ಆಕ್ಷೇಪ 5: ಸೆಸ್ ತೆಗೆದುಬಿಟ್ಟರೆ ಸಾಕು, ಜನಕ್ಕೆ ನೆಮ್ಮದಿ.

ಅದನ್ನೂ ಮಾಡಿ ನೋಡಿದ್ದಾಯಿತು. 2025ರ ಸೆಪ್ಟೆಂಬರ್ 22ರಿಂದ ಕಲ್ಲಿದ್ದಲಿನ ಮೇಲಿನ 400 ರೂಪಾಯಿ ಪರಿಹಾರ ಸೆಸ್ ರದ್ದಾಯಿತು. ಬದಲಿಗೆ ಜಿಎಸ್‌ಟಿ ಶೇ. 5ರಿಂದ 18ಕ್ಕೆ ಏರಿತು. ಒಟ್ಟಾರೆ ವಿದ್ಯುತ್ ತಯಾರಿಕೆಯ ವೆಚ್ಚ ಯೂನಿಟ್ಟಿಗೆ 17-18 ಪೈಸೆ ಇಳಿಯುತ್ತದೆಂದು ಕಲ್ಲಿದ್ದಲು ಸಚಿವಾಲಯವೇ ಹೇಳಿತು. ಅದೆಲ್ಲ ಗ್ರಾಹಕನಿಗೆ ಬಂದರೂ 100 ಯೂನಿಟ್ ಮನೆಗೆ ಹೆಚ್ಚೆಂದರೆ 18 ರೂಪಾಯಿ. ಪಿಂಚಣಿಯ 36 ಪೈಸೆ ಅದರ ಎರಡರಷ್ಟನ್ನು ಮೊದಲೇ ತೆಗೆದುಕೊಂಡಾಗಿದೆ.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಟನ್ನಿಗೆ 400 ಎನ್ನುವುದು ತೂಕದ ಮೇಲಿನ ತೆರಿಗೆ, ಯಾವ ದರ್ಜೆಯ ಕಲ್ಲಿದ್ದಲಾದರೂ ಅಷ್ಟೇ. ಶೇ. 18 ಎನ್ನುವುದು ಬೆಲೆಯ ಮೇಲಿನ ತೆರಿಗೆ. ಬೂದಿ ಹೆಚ್ಚಿರುವ ಕೀಳು ದರ್ಜೆಯ ಕಲ್ಲಿದ್ದಲು ಅಗ್ಗ, ಹಾಗಾಗಿ ಅದಕ್ಕೆ ತೆರಿಗೆ ಕಡಿಮೆ. ಟನ್ನಿಗೆ 1,500 ರೂಪಾಯಿ ಬೆಲೆಯ ಕಲ್ಲಿದ್ದಲಿಗೆ ಮೊದಲು ಶೇ. 5 ಮತ್ತು ಸೆಸ್ ಸೇರಿ 475 ಬೀಳುತ್ತಿತ್ತು, ಈಗ ಬೀಳುವುದು 270. ಟನ್ನಿಗೆ 3,000 ಬೆಲೆಯದಕ್ಕೆ ಮೊದಲು 550, ಈಗ 540. ಹೆಚ್ಚು ಬೂದಿ ಉಗುಳುವುದಕ್ಕೆ ದೊಡ್ಡ ರಿಯಾಯಿತಿ, ಮೇಲು ದರ್ಜೆಯದಕ್ಕೆ ಹತ್ತು ರೂಪಾಯಿ. ಹೊಗೆಗೆ ಬೆಲೆ ಎಂಬ ತತ್ವವೇ ತಲೆಕೆಳಗಾಯಿತು. ಪರಿಸರಕ್ಕೂ ಲಾಭವಾಗಲಿಲ್ಲ, ಮನೆಗೂ ಕಾಣುವಂಥದ್ದು ಬರಲಿಲ್ಲ. ಬೊಕ್ಕಸ ಮಾತ್ರ ಹೊಸ ಹೆಸರಿನಲ್ಲಿ ಹಣ ಪಡೆಯುತ್ತಲೇ ಇದೆ.

ಆಕ್ಷೇಪ 6: ಕಲ್ಲಿದ್ದಲಿಗೆ ತೆರಿಗೆ ಹಾಕಿದರೆ ಗಣಿ ಮುಚ್ಚುತ್ತದೆ. ಗಣಿ ಮುಚ್ಚಿದರೆ ಏನಾಗುತ್ತದೆಂದು ಚಾಂಪಿಯನ್ ರೀಫ್ಸ್‌ನವರಿಗೆ ಹೇಳಿಕೊಡಬೇಕೆ?

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಇದು. ಇದನ್ನು ಕೇಳಿದವರು ಭೂಮಿಯೊಳಗೆ ಮೂರು ಕಿಲೋಮೀಟರ್‌ಗೂ ಕೆಳಗೆ ಇಳಿದು ದುಡಿದವರು. ನಮ್ಮ ಬಿಇಎಂಎಲ್‌ನಲ್ಲಿ ತಯಾರಾಗುವ ಬುಲ್ಡೋಜರು, ಎಕ್ಸ್‌ಕವೇಟರುಗಳಿಗೆ ಕಲ್ಲಿದ್ದಲು ಗಣಿಗಳೇ ದೊಡ್ಡ ಗಿರಾಕಿ ಎಂಬುದನ್ನೂ ಅವರು ನೆನಪಿಸುತ್ತಾರೆ. ಅವರ ಭಯ ನನ್ನದೂ ಹೌದು.

ಆದರೆ ನಮ್ಮ ಗಣಿ ಮುಚ್ಚಿದ್ದು ಯಾವ ಇಂಗಾಲ ತೆರಿಗೆಯಿಂದಲೂ ಅಲ್ಲ. 1956ರಲ್ಲಿ ಮೈಸೂರು ರಾಜ್ಯ ಈ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಬಿಜಿಎಂಎಲ್ ಎಂಬ ಕಂಪನಿಯಾದವು. ವರ್ಷಗಟ್ಟಲೆ ಇಲ್ಲಿನ ಚಿನ್ನ ಹೋದದ್ದು ಕೇಂದ್ರ ಸರ್ಕಾರಕ್ಕೆ, ಅದೂ ಮಾರುಕಟ್ಟೆಗಿಂತ ಕಡಿಮೆಯಾದ ಅಂತರರಾಷ್ಟ್ರೀಯ ಅಧಿಕೃತ ದರದಲ್ಲಿ. ದೇಶದ ಖಜಾನೆಗೆ ಅದರಿಂದ ಬಲ ಬಂತು, ಕಂಪನಿಯ ಪುಸ್ತಕದಲ್ಲಿ ನಷ್ಟ ಉಳಿಯಿತು. ಆಮೇಲೆ ಅದೇ ನಷ್ಟವನ್ನು ತೋರಿಸಿ 2001ರ ಫೆಬ್ರುವರಿ 28ರಂದು ಬೀಗ ಹಾಕಿದರು. ಸಾವಿರಾರು ಕುಟುಂಬಗಳು ಒಂದೇ ದಿನ ಆಧಾರ ಕಳೆದುಕೊಂಡವು.

ಈ ಊರಿಗೆಂದು ಒಂದು ನಿಧಿಯನ್ನು ಮೊದಲೇ ತೆಗೆದಿಟ್ಟಿರಲಿಲ್ಲ. ಅದರ ಬೆಲೆಯನ್ನು ಊರು ಇಂದಿಗೂ ತೆರುತ್ತಿದೆ. ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿನಲ್ಲೇ ರೈಲು ಹತ್ತಿ, ಕತ್ತಲಾದ ಮೇಲೆ ಮನೆ ಸೇರುವ ಗಂಡಸರು, ಹೆಂಗಸರು ದಿನಕ್ಕೆ ಐದಾರು ಗಂಟೆ ಪ್ರಯಾಣದಲ್ಲೇ ಕಳೆಯುತ್ತಾರೆ. ಬೇಸಿಗೆಯ ಗಾಳಿಗೆ ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳ ಧೂಳು ಮನೆಯೊಳಗೆ ನುಗ್ಗುತ್ತದೆ, ಕೆಮ್ಮಿನ ಔಷಧಿಗೆ ಹಣ ತೆಗೆದಿಡಬೇಕಾಗುತ್ತದೆ. ಮನೆಖರ್ಚು ಎಂದರೆ ಇದೆಲ್ಲವೂ ಸೇರಿ.

ಹಾಗಾಗಿ ಈ ಆಕ್ಷೇಪಕ್ಕೆ ನನ್ನ ಉತ್ತರ, ತೆರಿಗೆಯ ಮೂರರಲ್ಲಿ ಒಂದು ಪಾಲು. ವರ್ಷಕ್ಕೆ ಸುಮಾರು 13 ಸಾವಿರ ಕೋಟಿ. ಸಿಂಗರೇಣಿ, ಝಾರಿಯಾ, ತಾಲ್ಚೇರ್‌ನಂಥ ಗಣಿ ಊರುಗಳಿಗೆ, ನಮ್ಮ ರಾಯಚೂರಿನಂಥ ಸ್ಥಾವರದ ಊರುಗಳಿಗೆ ಆ ಹಣ ಗಣಿ ನಡೆಯುತ್ತಿರುವಾಗಲೇ ಮೀಸಲಾಗಬೇಕು. ಬೇರೆ ಕಸುಬಿನ ತರಬೇತಿ, ಕಾರ್ಮಿಕರ ಬಾಕಿ, ಮಣ್ಣು ನೀರಿನ ಶುದ್ಧೀಕರಣ, ಹೊಸ ಕಾರ್ಖಾನೆಗೆ ನೆಲ, ಇವಕ್ಕೆಲ್ಲ ಅದು ಒದಗಬೇಕು. ಮುಚ್ಚಿದ ಮೇಲೆ ಪರಿಹಾರ ಕೇಳುತ್ತಾ ನ್ಯಾಯಾಲಯ ಅಲೆಯುವುದೆಂದರೇನೆಂದು ನಮಗೆ ಗೊತ್ತು. ಬಿಇಎಂಎಲ್ ಅಗೆಯುವ ಯಂತ್ರಗಳ ಜೊತೆಗೇ ಮೆಟ್ರೊ ಬೋಗಿಗಳನ್ನೂ ಕಟ್ಟಲು ಕಲಿತ ಸಂಸ್ಥೆ. ಕಾಲ ಮತ್ತು ಹಣ ಎರಡೂ ಸಿಕ್ಕರೆ ಕೆಲಸ ಬದಲಾಗಬಲ್ಲದು, ಕೆಲಸಗಾರ ಬೀದಿಗೆ ಬೀಳಬೇಕಿಲ್ಲ.

ಈಗ ಆಗಬೇಕಾದದ್ದು

ಹಂಚಿಕೆ ಆಗುಹೋಗದ ಮಾತೆಂದು ಕೊನೆಗೆ ಕೆಲವರು ಕೈಚೆಲ್ಲುತ್ತಾರೆ. ಗ್ಯಾಸ್ ಸಬ್ಸಿಡಿ 2015ರಿಂದ ಬ್ಯಾಂಕ್ ಖಾತೆಗೇ ಬಂದಿದೆ. ಗೃಹಲಕ್ಷ್ಮಿಯ 2,000 ರೂಪಾಯಿ 2023ರಿಂದ ಮನೆಯೊಡತಿಯ ಖಾತೆಗೆ ಬರುತ್ತಿದೆ. ತಡವಾಗುವುದುಂಟು, ಆದರೆ ದಾರಿಯಂತೂ ಇದೆ. ಅದೇ ದಾರಿಯಲ್ಲಿ ಕಲ್ಲಿದ್ದಲ ಪಾಲೂ ಬರಬಹುದು.

ನಾನು ಕೇಳುವುದು ಮೂರು. ಬೆಲೆಯ ಮೇಲಿನ ತೆರಿಗೆಯನ್ನು ಶೇ. 18ಕ್ಕೆ ಏರಿಸಿದ್ದನ್ನು ಕೈಬಿಟ್ಟು ಟನ್ನಿಗಿಷ್ಟು ಎಂಬ ತೂಕದ ತೆರಿಗೆಯನ್ನು ಮರಳಿ ತರಬೇಕು. ಆ ಹಣ ಸರ್ಕಾರದ ಸಾಮಾನ್ಯ ಖಾತೆಗೆ ಹೋಗದಂತೆ ಕಾನೂನಿನಲ್ಲೇ ತಡೆ ಹಾಕಿ, ‘ಕಲ್ಲಿದ್ದಲ ಪಾಲು’ ಎಂದು ಹೆಸರಿಟ್ಟೇ ವರ್ಷಕ್ಕೆರಡು ಬಾರಿ ಮನೆಗಳ ಖಾತೆಗೆ ಹಾಕಬೇಕು. ಸರ್ಕಾರದ ಸಾಲ ತೀರಿಸಲು ಹಣ ಬೇಕಾದರೆ ಕೊಡಬಲ್ಲವರಿಂದ ನೇರವಾಗಿ ಕೇಳಬೇಕು, ಪರಿಸರದ ಹೆಸರಿನಲ್ಲಿ ಎಲ್ಲರ ದೀಪದಿಂದ ಕೀಳಬಾರದು.

ನನ್ನನ್ನು ವಿರೋಧಿಸುವ ಮಿತ್ರರೇ, ನಿಮಗೂ ನನಗೂ ಇರುವ ಜಗಳ ಚಿಕ್ಕದು. ಬೆಲೆ ಏರಿದೆ ಎಂಬುದನ್ನು ಇಬ್ಬರೂ ಒಪ್ಪುತ್ತೇವೆ. ಕಟ್ಟಿದ ಹಣಕ್ಕೆ ಲೆಕ್ಕ ಸಿಗಲಿಲ್ಲ ಎಂಬುದನ್ನೂ ಒಪ್ಪುತ್ತೇವೆ. ಮತ ಕೇಳಲು ಬರುವ ಸಂಸದರನ್ನು, ಶಾಸಕರನ್ನು ‘ತೆರಿಗೆ ಇಳಿಸುತ್ತೀರಾ’ ಎಂದಷ್ಟೇ ಕೇಳಿ ಬಿಟ್ಟರೆ ಅವರು ಒಂದು ಹೆಸರು ತೆಗೆದು ಇನ್ನೊಂದು ಹೆಸರಿನಲ್ಲಿ ಹಾಕುತ್ತಾರೆ. 2017ರಲ್ಲಿ ಹಾಗೇ ಆಯಿತು, 2025ರಲ್ಲೂ ಹಾಗೇ ಆಯಿತು. ಈ ಹಣ ಎಲ್ಲಿಗೆ ಹೋಗುತ್ತದೆ, ಅದರಲ್ಲಿ ನಮ್ಮ ಮನೆಯ ಪಾಲೆಷ್ಟು, ನಮ್ಮಂಥ ಊರಿನ ಪಾಲೆಷ್ಟು ಎಂದು ಕೇಳೋಣ. ಬರವಣಿಗೆಯಲ್ಲಿ ಉತ್ತರ ಕೊಡುವವರೆಗೂ ಕೇಳುತ್ತಲೇ ಇರೋಣ.